ಬಿಡ್ತು ಅನ್ನು

ತಮ್ಮ ಸತ್ತ ಸುದ್ದಿ ಬಂದಾಗ ನಾನು ಮಿಷಿಗನ್ನಿನ ಆಬರ್ನ್ ಹಿಲ್ಸ್‌ನ ಆಫೀಸಿನಲ್ಲಿ ಒಂದು ಬ್ರೇಕು ಯಾಕೆ ಫೇಲಾಯಿತು ಎಂದು ಮೀಟಿಂಗಿನಲ್ಲಿ ವಿವರಿಸುತ್ತಿದ್ದೆ. ಫೋನು ಮೇಜಿನ ಮೇಲೆ ನಡುಗುತ್ತಲೇ ಇತ್ತು. ನೆದರ್‌ಲ್ಯಾಂಡ್ಸ್‌ನ ನಂಬರು. ತಮ್ಮನೇ ಇರಬೇಕು, ಆಮೇಲೆ ಮಾಡಿದರಾಯಿತು ಎಂದು ಮಗುಚಿ ಇಟ್ಟೆ. ಮತ್ತೆ ಮತ್ತೆ ಬಂದಾಗ ಸಿಟ್ಟಿನಿಂದ ಎದ್ದು ಹೊರಗೆ ಹೋದೆ. ಮಾತಾಡಿದ್ದು ಅವನ ಹೆಂಡತಿ. ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದವನು ದಾರಿಯಲ್ಲೇ ಕುಸಿದನಂತೆ. ಹಾರ್ಟು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತು ಕೂಡ ದಾಟಿರಲಿಲ್ಲ ಅವನಿಗೆ.

ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಗೆ ಹೇಗೆ ಡ್ರೈವ್ ಮಾಡಿಕೊಂಡು ಬಂದೆನೋ ನನಗೆ ಗೊತ್ತಿಲ್ಲ. ಅಮ್ಮ ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಮೈಸೂರಿನಿಂದ ನನ್ನ ಮನೆಗೆ ಬಂದಿದ್ದಳು. ಹಿಂದಿನ ಬಾಗಿಲ ಹತ್ತಿರ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದಳು. ನನ್ನ ಮುಖ ನೋಡಿ ಬಟ್ಟಲನ್ನು ಕೆಳಗಿಟ್ಟಳು. ಹೇಳಿದೆ. ಅವಳು ಅಳಲಿಲ್ಲ. "ಅವನ್ನ ಯಾವಾಗ ಕೊಡ್ತಾರಂತೆ?" ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. "ಅಸ್ಥಿ ಕಣೆ. ನಿಮ್ಮಪ್ಪನ್ನ ಬಿಟ್ಟ ಜಾಗದಲ್ಲೇ ಬಿಡ್ಬೇಕು" ಎಂದಳು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಪ್ಪನ ಅಸ್ಥಿ ಬಿಟ್ಟವನು ಇದೇ ತಮ್ಮ. ಮೊಣಕಾಲು ನೀರಿನಲ್ಲಿ ನಿಂತು ಗಡಗಡ ನಡುಗುತ್ತಿದ್ದ.

ಮಾರನೆಯ ದಿನ ಅವನ ಹೆಂಡತಿ ಮತ್ತೆ ಫೋನು ಮಾಡಿ, ಸುಡುವುದಿಲ್ಲ, ಮಣ್ಣು ಮಾಡುತ್ತೇವೆ ಎಂದಳು.

ಆ ಹುಡುಗಿಯ ಬಗ್ಗೆ ಎರಡು ಮಾತು ಹೇಳಬೇಕು. ತಮ್ಮ ಚಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ, ಏರ್‌ಪೋರ್ಟಿನ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಕಂಪನಿ ಅವನನ್ನು ನೆದರ್‌ಲ್ಯಾಂಡ್ಸ್‌ನ ಒಂದು ಬಂದರು ಊರಿಗೆ ವರ್ಗ ಮಾಡಿತು. ಅಲ್ಲಿ ಈ ಡಚ್ ಹುಡುಗಿ ಸಿಕ್ಕಳು, ಮದುವೆಯಾದ. ಅವರಿಗೊಂದು ಹೆಣ್ಣು ಮಗು ಹುಟ್ಟಿ, ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಹೋಯಿತು. ಆ ಕೂಸನ್ನು ಊರಾಚೆ, ಕಾಡಿನಂತೆ ಮರ ಬೆಳೆಯಲು ಬಿಟ್ಟ ಒಂದು ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಅಷ್ಟು ಸಣ್ಣ ಕೂಸನ್ನು ನಮ್ಮಲ್ಲೂ ಹೂಳುವುದೇ, ಹಾಗಾಗಿ ಆಗ ಯಾರೂ ಏನೂ ಅನ್ನಲಿಲ್ಲ. ಈಗ ಅವಳು ತಮ್ಮನನ್ನೂ ಅಲ್ಲೇ, ಕೂಸಿನ ಪಕ್ಕ ಇಡುತ್ತೇನೆ ಎನ್ನುತ್ತಿದ್ದಳು. ಅವನೇ ಹಾಗೆ ಹೇಳಿದ್ದನಂತೆ. ಬರೆದಿಟ್ಟಿದ್ದಾನಾ ಎಂದು ಕೇಳಿದೆ. ಇಲ್ಲ, ಬಾಯಲ್ಲಿ ಹೇಳಿದ್ದ ಎಂದಳು. ಯಾರ ಮುಂದೆ? ನನ್ನ ಮುಂದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವನ ಹೆಸರಿನಲ್ಲಿ ತನಗೆ ಬೇಕಾದ್ದನ್ನು ಮಾಡಿಕೊಳ್ಳುತ್ತಿದ್ದಾಳೆ ಎಂದೇ ನಂಬಿದೆ. ನಮ್ಮ ಮನೆಯಲ್ಲಿ ದೊಡ್ಡವರಾದ ಯಾರನ್ನೂ ಹೂತಿಲ್ಲ. ಅಮ್ಮನಿಗೆ ಹೇಳಿದಾಗ ಅವಳು ಮೊದಲ ಬಾರಿಗೆ ಅತ್ತಳು. ಅಷ್ಟು ಜೋರಾಗಿ ಅವಳು ಅತ್ತದ್ದನ್ನು ಅಪ್ಪ ಹೋದಾಗಲೂ ನಾನು ಕೇಳಿರಲಿಲ್ಲ.

"ಒಂದು ಹಿಡಿ ಬೂದಿ ಕೂಡ ಕೊಡಲ್ವಂತಾ?" ಎಂದು ಕೇಳುತ್ತಲೇ ಇದ್ದಳು. "ನೀನು ಇಂಜಿನಿಯರ್ ಆಗಿ ಏನು ಪ್ರಯೋಜನ, ಒಂದು ಹಿಡಿ ಬೂದಿ ಕೊಡಿಸಕ್ಕಾಗಲ್ವಾ?"

ಹೋಗಿಬಿಡೋಣವೆಂದರೆ ವೀಸಾ ಇಲ್ಲ. ನಮ್ಮದು ಇಂಡಿಯನ್ ಪಾಸ್‌ಪೋರ್ಟು. ಅಮ್ಮ ಇಲ್ಲಿ ವಿಸಿಟರ್, ಯುರೋಪಿಗೆ ಅಪ್ಲೈ ಮಾಡಬೇಕೆಂದರೆ ಮೊದಲು ಇಂಡಿಯಾಕ್ಕೆ ವಾಪಸ್ಸು ಹೋಗಬೇಕು. ನನಗೆ ಸಂದರ್ಶನದ ದಿನ ಸಿಗುವಷ್ಟರಲ್ಲಿ ಅವನು ಮಣ್ಣಾಗಿರುತ್ತಿದ್ದ. ಆ ದೇಶದಲ್ಲಿ ಸತ್ತವರನ್ನು ಆರು ಕೆಲಸದ ದಿನದೊಳಗೆ ಹೂಳಬೇಕು, ಇಲ್ಲವೇ ಸುಡಬೇಕು, ಅದು ಕಾನೂನು. ವಿಮಾನ ತಲೆಯ ಮೇಲೆ ಹಾರುತ್ತಿರುತ್ತದೆ, ಕೈಯಲ್ಲಿ ಟಿಕೆಟ್ಟಿಗೆ ದುಡ್ಡಿರುತ್ತದೆ, ಹೋಗಲಾಗುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಅದೇ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ, ಯಾರೋ ಬಿಟ್ಟುಕೊಟ್ಟ ಒಂದು ದಿನ ಸಿಕ್ಕೀತೇನೋ ಎಂದು. ಸಿಗಲಿಲ್ಲ.

ಸಮಾಧಾನ ಹೇಳಲು ನಮ್ಮ ಬಡಾವಣೆಯ ಡಾಕ್ಟರ್ ಅಂಕಲ್ ಬಂದರು. ಹುಬ್ಬಳ್ಳಿಯವರು, ಕನ್ನಡ ಕೂಟದಲ್ಲಿ ಹಿರಿಯರು, ಯಾವ ವಿಷಯಕ್ಕೂ ಗೊತ್ತಿಲ್ಲ ಎಂದವರಲ್ಲ.

"ನೋಡವಾ, ಹಿಂಗ ಅಳಕೋತ ಕುಂತ್ರ ಏನೂ ಆಗೂದಿಲ್ಲ" ಎಂದರು. "ಅಲ್ಲೇ ಕೋರ್ಟಿಗೆ ಹೋಗಿ ಸ್ಟೇ ತಗೊಂಡು ಬಿಡು. ನಮ್ಮ ಕಸ್ಟಮ್ ಇದು ಅಂತ ಪ್ರೂವ್ ಮಾಡಿದ್ರ ಆತು. ಲೆಟರ್ ನಾ ಕೊಡಸ್ತೀನಿ, ಎಷ್ಟ್ ಬೇಕು ಹೇಳು."

ಸ್ಟೇ ಎಂಬ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಎದ್ದು ಕೂತಳು. ಅಪ್ಪ ಮೈಸೂರು ಕೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದವರು. ನಮ್ಮ ಮನೆಯಲ್ಲಿ ಸಾರಿನ ಉಪ್ಪಿನಷ್ಟೇ ಸಹಜವಾಗಿ ವಾಯಿದೆ, ದಾವೆ, ತಡೆಯಾಜ್ಞೆ ಎಂಬ ಮಾತುಗಳು ಓಡಾಡುತ್ತಿದ್ದವು. ಕೋರ್ಟೆಂದರೆ ಅಮ್ಮನ ಲೆಕ್ಕದಲ್ಲಿ ಕಾಲವನ್ನು ಕಟ್ಟಿಹಾಕುವ ಜಾಗ. ಒಮ್ಮೆ ಸ್ಟೇ ಸಿಕ್ಕಿತೆಂದರೆ ಯಾರೂ ಏನೂ ಮಾಡುವ ಹಾಗಿಲ್ಲ. ಅಷ್ಟರಲ್ಲಿ ವೀಸಾ ಬರುತ್ತದೆ, ಹೋಗಬಹುದು, ಮಗನ ಮುಖ ನೋಡಬಹುದು.

ಆ ಊರಿನ ಒಬ್ಬ ವಕೀಲೆ ಸಿಕ್ಕಳು. ಬೆಳಗಿನ ತಿಂಡಿಯ ಹೊತ್ತಿಗೆ ಫೋನು ಮಾಡಿದಳು, ಅಲ್ಲಿ ಮಧ್ಯಾಹ್ನ. ಡಚ್ಚರು ಮಾತಿಗೆ ಸಕ್ಕರೆ ಬೆರೆಸುವುದಿಲ್ಲವೆಂದು ತಮ್ಮ ಯಾವಾಗಲೂ ಹೇಳುತ್ತಿದ್ದ. ಸಂತಾಪವೆಂದು ಒಂದೇ ಮಾತಿನಲ್ಲಿ ಹೇಳಿ ನೇರವಾಗಿ ವಿಷಯಕ್ಕೆ ಬಂದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನಾನು ಫೋನನ್ನು ಸ್ಪೀಕರಿಗೆ ಹಾಕಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ.

ಹೀಗೆ ತುರ್ತು ಇರುವ ವಿಷಯಕ್ಕೆ ಅಲ್ಲಿ ಬೇರೆಯೇ ದಾರಿಯಿದೆ. ದಾವೆ ಹಾಕುವವರಿಗೆ ವಕೀಲರು ಇರಲೇಬೇಕು, ಇವಳಿದ್ದಾಳೆ. ಪ್ರತಿವಾದಿ ಬೇಕಾದರೆ ಒಬ್ಬಳೇ ಬಂದು ನಿಲ್ಲಬಹುದು. ವಕೀಲೆ ಇವತ್ತೇ ನ್ಯಾಯಾಧೀಶರಿಂದ ದಿನ ಮತ್ತು ಗಂಟೆ ಕೇಳುತ್ತಾಳೆ. ಕೋರ್ಟಿನ ಅಮೀನ ಹೋಗಿ ತಮ್ಮನ ಹೆಂಡತಿಯ ಬಾಗಿಲು ತಟ್ಟಿ ಸಮನ್ಸ್ ಕೈಗೆ ಕೊಡುತ್ತಾನೆ. ಒಂದೇ ವಿಚಾರಣೆ. ನಾವು ವೀಡಿಯೊದಲ್ಲಿ ಬರಬಹುದು, ಅದಕ್ಕೆ ಅವಳು ಅನುಮತಿ ಪಡೆಯುತ್ತಾಳೆ. ಸಾಕ್ಷಿಗಳನ್ನು ಕಟಕಟೆಗೆ ಹತ್ತಿಸುವುದು, ಗೀತೆ ಮುಟ್ಟಿಸುವುದು ಏನೂ ಇಲ್ಲ. ನ್ಯಾಯಾಧೀಶರು ಇಬ್ಬರ ಜೊತೆಗೂ ಮಾತಾಡುತ್ತಾರೆ, ತೀರ್ಮಾನ ಅವತ್ತೇ ಹೇಳಿದರೂ ಹೇಳಿದರು.

"ವಾಯಿದೆ ಕೊಡಲ್ವಂತಾ?" ಎಂದಳು ಅಮ್ಮ.

"ಇಲ್ಲವಂತೆ."

"ಇದೆಂಥಾ ಕೋರ್ಟು!"

ಅಂಕಲ್ ಕಳಿಸಿದ್ದ ಪತ್ರಗಳ ವಿಷಯ ಹೇಳಿದೆ. ದೇವಸ್ಥಾನದ ಅರ್ಚಕರದ್ದು, ಡಾಕ್ಟರುಗಳದ್ದು, ಕೂಟದ ಹಿರಿಯರದ್ದು, ಎಲ್ಲದರಲ್ಲೂ ದಹನವೇ ನಮ್ಮ ಸಂಪ್ರದಾಯ ಎಂದು ಬರೆದಿತ್ತು. ವಕೀಲೆ, ಕಳಿಸಿ, ಸೇರಿಸುತ್ತೇನೆ, ಆದರೆ ನ್ಯಾಯಾಧೀಶರು ಕೇಳುವುದು ಅದನ್ನಲ್ಲ ಎಂದಳು. ನಿಮ್ಮ ಧರ್ಮ ಏನು ಹೇಳುತ್ತದೆ, ನಿಮ್ಮ ತಾಯಿಗೆ ಏನು ಬೇಕು, ಹೆಂಡತಿಗೆ ಏನು ಬೇಕು, ಇದ್ಯಾವುದೂ ಮೊದಲ ಪ್ರಶ್ನೆಯಲ್ಲ. ಸತ್ತವನಿಗೆ ಏನು ಬೇಕಿತ್ತು? ಅದೊಂದೇ. ಬರೆದಿಟ್ಟಿಲ್ಲದಿದ್ದರೆ ಅವನ ಮಾತಿನಿಂದ, ಬದುಕಿನಿಂದ ಊಹಿಸುತ್ತಾರೆ. ಹೆಂಡತಿ ತಾನು ಕೇಳಿಸಿಕೊಂಡದ್ದನ್ನು ಹೇಳುತ್ತಾಳೆ. ಅದಕ್ಕೆ ಎದುರಾಗಿ ನಿಮ್ಮ ಹತ್ತಿರ ಏನಿದೆ?

ಇನ್ನೊಂದು ಮಾತನ್ನೂ ಹೇಳಿದಳು. ಅಲ್ಲಿನ ಸಿವಿಲ್ ಕೋರ್ಟಿನ ನಿಯಮದಲ್ಲಿ, ಕೇಸಿಗೆ ಬೇಕಾದ ಸಂಗತಿಗಳನ್ನು ಎರಡೂ ಕಡೆಯವರು ಪೂರ್ತಿಯಾಗಿ, ನಿಜವಾಗಿ ಹೇಳಬೇಕೆಂದಿದೆಯಂತೆ. ತಮಗೆ ಅನುಕೂಲವಾದದ್ದು ಮಾತ್ರವಲ್ಲ, ಪ್ರತಿಕೂಲವಾದದ್ದೂ ಸೇರಿ. ಮುಚ್ಚಿಟ್ಟದ್ದು ಗೊತ್ತಾದರೆ ಅದರಿಂದ ಏನು ತೀರ್ಮಾನಕ್ಕೆ ಬರಬೇಕೋ ನ್ಯಾಯಾಧೀಶರಿಗೆ ಬಿಟ್ಟದ್ದು.

ಇದನ್ನು ಅಮ್ಮನಿಗೆ ಹೇಳಿದಾಗ ಅವಳ ಮುಖದಲ್ಲಿ ಏನೋ ಬಂದು ಹೋಯಿತು. "ನಿಮ್ಮಪ್ಪ ಕಕ್ಷಿದಾರರಿಗೆ ಹೇಳ್ತಿದ್ದದ್ದು ಬೇರೆ. ಕೇಳಿದಷ್ಟಕ್ಕೆ ಉತ್ತರ ಕೊಡಿ, ಮುಂದಕ್ಕೆ ಒಂದಕ್ಷರ ಹೋಗ್ಬೇಡಿ ಅಂತಿದ್ರು" ಎಂದಳು. ನಾನು ಅದನ್ನು ಹಳೆಯ ನೆನಪೆಂದು ಕೇಳಿ ಬಿಟ್ಟೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಅವನು ಸಾವಿನ ಬಗ್ಗೆ ನಮ್ಮ ಹತ್ತಿರ ಯಾವತ್ತಾದರೂ ಏನಾದರೂ ಹೇಳಿದ್ದನಾ?

ಹುಡುಕಿದೆ. ವಾಟ್ಸಾಪಿನಲ್ಲಿ ಹಳೆಯ ಮಾತುಗಳನ್ನೆಲ್ಲ ಕೆದಕಿದೆ. ಮಾವಿನಹಣ್ಣು, ಅಮ್ಮನ ಮಂಡಿನೋವು, ಕ್ರಿಕೆಟ್ಟು, ಬೈಗುಳ. ಸಾವು ಎಲ್ಲೂ ಇಲ್ಲ. ಹೇಗಿರುತ್ತದೆ? ನಮ್ಮ ಮನೆಯಲ್ಲಿ ಆ ಮಾತು ಬಾಯಿಗೆ ಬಂದರೆ ಅಮ್ಮ ಅದನ್ನು ಮುಗಿಸಲು ಬಿಡುತ್ತಿರಲಿಲ್ಲ. "ಬಿಡ್ತು ಅನ್ನು!" ಎನ್ನುತ್ತಿದ್ದಳು. ಅಂದವರು ತಕ್ಷಣ "ಬಿಡ್ತು" ಎನ್ನಬೇಕು. ಅಂದ ಮೇಲೆ ಕೆಟ್ಟ ಮಾತು ಆಡಿದವರಿಗೆ ತಗಲುವುದಿಲ್ಲ, ಅಲ್ಲಿಗೆ ಮುಗಿಯಿತು, ಮತ್ತೆ ಅದನ್ನು ಎತ್ತುವ ಹಾಗಿಲ್ಲ. ಸ್ಕೂಟರ್ ಕಲಿಯುವಾಗ ತಮ್ಮ "ಬಿದ್ದು ಸತ್ರೆ?" ಎಂದು ಕೇಳಿ ಅನ್ನಿಸಿಕೊಂಡಿದ್ದ. ಜ್ವರ ಬಂದಾಗ ನಾನು ಅನ್ನಿಸಿಕೊಂಡಿದ್ದೆ. ಅಪ್ಪನೂ ಅನ್ನಿಸಿಕೊಂಡಿದ್ದರು, ಅದೂ ಆಸ್ಪತ್ರೆಯ ಹಾಸಿಗೆಯ ಮೇಲೆ, ಪಾಸ್‌ಬುಕ್ ಎಲ್ಲಿದೆ ಎಂದು ಹೇಳಲು ಹೊರಟಾಗ. ಬ್ರೇಕು ಫೇಲಾದರೆ ನಮ್ಮ ಲ್ಯಾಬಿನಲ್ಲಿ ಯಾವಾಗ ಬಿಸಿಯಾಯಿತು, ಎಲ್ಲಿ ಬಿರುಕು ಬಿಟ್ಟಿತು ಎಲ್ಲವೂ ದಾಖಲಾಗಿರುತ್ತದೆ. ನನ್ನ ಒಡಹುಟ್ಟಿದವನಿಗೆ ಏನು ಬೇಕಿತ್ತೆಂದು ಹೇಳಲು ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.

ಒಂದು ನೆನಪು ಮಾತ್ರ ಬಂತು, ಅದೂ ಅರ್ಧ. ಹಿಂದಿನ ವರ್ಷ ಅವನು ಆಫೀಸಿನ ಕೆಲಸಕ್ಕೆ ಡೆಸ್ ಪ್ಲೇನ್ಸ್‌ಗೆ ಬಂದಿದ್ದ. ಅಮ್ಮನೂ ಆಗ ಇಲ್ಲೇ ಇದ್ದಳು. ನಾವಿಬ್ಬರೂ ಹೋಗಿ ಅವನನ್ನು ಕಾರಿನಲ್ಲಿ ಕರೆದುಕೊಂಡು ಬರುವಾಗ ಮಿಷಿಗನ್ ಒಳಗೆ ಹೆದ್ದಾರಿ ಪಕ್ಕದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಮರದ ಬೆಂಚಿನ ಮೇಲೆ ಕೂತು ಪುಳಿಯೋಗರೆ, ಮೊಸರನ್ನ ತಿಂದೆವು. ನಾನು ಕಾಫಿ ತರಲು ಒಳಗೆ ಹೋದೆ. ವಾಪಸು ಬರುವಾಗ ಅಮ್ಮ "ಬಿಡ್ತು ಅನ್ನು" ಎಂದು ಗದರುತ್ತಿದ್ದಳು. ಅವನು ನಗುತ್ತ, "ಬಿಡ್ತು, ಬಿಡ್ತು, ಬಿಡ್ತು. ಸಾಕಾ?" ಎಂದ. ಏನೋ ಯಾವತ್ತಿನ ಹಾಗೆ ಎಂದುಕೊಂಡು ಕಾಫಿ ಕೊಟ್ಟೆ. ಅವನು ಚಾಕೊಲೇಟಿನ ಕಾಗದ ಸುತ್ತಿ ನನ್ನ ಮೇಲೆ ಎಸೆದ. ಅಷ್ಟೇ.

ವಿಚಾರಣೆಯ ಹೊತ್ತು ನಮಗೆ ಬೆಳಗಿನ ಎಂಟು ಗಂಟೆಗೆ ಬಿತ್ತು. ನನ್ನ ಗಂಡ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಿಂದೆ ಪಾತ್ರೆ ಕಾಣದ ಹಾಗೆ ತಿರುಗಿಸಿಕೊಟ್ಟ. ಅಮ್ಮ ಸ್ನಾನ ಮಾಡಿ, ಬಿಳಿ ಸೀರೆಯುಟ್ಟು, ಅಪ್ಪನ ಕೋರ್ಟಿನಲ್ಲಿ ಹೆಂಗಸರು ಕೂರುತ್ತಿದ್ದ ಹಾಗೆ ಸೆರಗು ಹೊದ್ದು ಕೂತಳು. ಕನ್ನಡ ಮತ್ತು ಡಚ್ ಎರಡೂ ಬಲ್ಲ ದುಭಾಷಿಗಳು ಅಷ್ಟು ಬೇಗ ಸಿಕ್ಕಿರಲಿಲ್ಲ. ಅಮ್ಮ ಕನ್ನಡದಲ್ಲಿ ಹೇಳುವುದನ್ನು ನಾನು ಇಂಗ್ಲಿಷಿಗೆ ತರುವುದು, ಅಲ್ಲಿ ಕೂತ ದುಭಾಷಿ ಅದನ್ನು ಡಚ್ಚಿಗೆ ತರುವುದು ಎಂದಾಗಿತ್ತು. ನ್ಯಾಯಾಧೀಶರು ಅದಕ್ಕೆ ಒಪ್ಪಿ, ನೀನೂ ಈ ಕೇಸಿನಲ್ಲಿ ಒಬ್ಬ ವಾದಿ, ಆದರೂ ತಾಯಿ ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತೀಯೆಂದು ನಂಬುತ್ತೇನೆ ಎಂದರು.

ಅವರು ಎತ್ತರದ ಪೀಠದ ಮೇಲಿರಲಿಲ್ಲ, ಕೈಯಲ್ಲಿ ಸುತ್ತಿಗೆಯೂ ಇರಲಿಲ್ಲ. ಮುಂದೆ ಒಂದು ನೀರಿನ ಲೋಟ. ಒಂದು ಪಕ್ಕ ನಮ್ಮ ವಕೀಲೆ, ಇನ್ನೊಂದು ಪಕ್ಕ ತಮ್ಮನ ಹೆಂಡತಿ, ಒಬ್ಬಳೇ, ವಕೀಲರಿಲ್ಲದೆ. ಅವಳು ತಮ್ಮನ ಬೂದು ಬಣ್ಣದ ಸ್ವೆಟರ್ ಹಾಕಿಕೊಂಡಿದ್ದಳು. ತೋಳು ಉದ್ದವಾಗಿ ಬೆರಳುಗಳನ್ನು ಮುಚ್ಚಿತ್ತು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ಸಿಟ್ಟು ಯಾಕೆಂದು ಈಗ ಹೇಳಲಾರೆ, ಅವನ ಸ್ವೆಟರಾದರೂ ಅವಳ ಹತ್ತಿರ ಇದೆಯಲ್ಲಾ ಎಂದಿರಬೇಕು.

ನಮ್ಮ ವಕೀಲೆ ಚೆನ್ನಾಗಿ ಮಾತಾಡಿದಳು. ಅಪ್ಪನನ್ನು ಸುಟ್ಟದ್ದು, ಅಸ್ಥಿ ಬಿಟ್ಟವನು ಅವನೇ ಎಂಬುದು, ಜನಿವಾರ ಹಾಕಿಕೊಂಡೇ ಇದ್ದದ್ದು, ಎಲ್ಲವನ್ನೂ ಹೇಳಿದಳು. ತಮ್ಮನ ಹೆಂಡತಿ ಸ್ವಲ್ಪವೇ ಹೇಳಿದಳು. ಅವನು ಭಾನುವಾರಗಳಲ್ಲಿ ಕೂಸಿನ ಹತ್ತಿರ ಹೋಗಿ ಕೂರುತ್ತಿದ್ದ. ಒಂದು ದಿನ ವಾಪಸು ಬರುವಾಗ, ತನ್ನನ್ನೂ ಅಲ್ಲೇ ಇಡಬೇಕು ಎಂದ. ಅದಕ್ಕೆ ಬೇರೆ ಸಾಕ್ಷಿಯಿಲ್ಲ, ನನಗೆ ಗೊತ್ತು ಎಂದು ಹೇಳಿ ಕೂತಳು. ನ್ಯಾಯಾಧೀಶರ ಮುಖ ನೋಡಿದೆ. ಎರಡೂ ಕಡೆಯ ಮಾತನ್ನು ತೂಗುತ್ತಿದ್ದರು. ನಾವು ಗೆಲ್ಲುತ್ತೇವೆ ಅನ್ನಿಸಿತು.

ಆಮೇಲೆ ಅವರು ನಮ್ಮ ಕಡೆ, ಅಮ್ಮನ ಕಡೆ ತಿರುಗಿದರು. ಮಗ ತನಗೇನು ಬೇಕೆಂದು ಯಾವತ್ತಾದರೂ ನಿಮಗೆ ಹೇಳಿದ್ದನೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಹೇಳುವಾಗಲೇ ಅವಳ ಉತ್ತರ ನನಗೆ ಗೊತ್ತಿತ್ತು. ಇಲ್ಲ ಎನ್ನುತ್ತಾಳೆ, ನಮ್ಮ ಮನೆಯಲ್ಲಿ ಅಂಥ ಮಾತು ಆಡುವುದಿಲ್ಲ ಎನ್ನುತ್ತಾಳೆ, ಮುಗಿಯಿತು.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಎಷ್ಟು ಹೊತ್ತೆಂದರೆ, ಸಂಪರ್ಕ ತಪ್ಪಿತೇನೋ ಎಂದು ದುಭಾಷಿ ಕೇಳಿದ.

"ಹೇಳಿದ್ದ" ಎಂದಳು ಅಮ್ಮ.

ನಾನು ಅವಳ ಕಡೆ ತಿರುಗಿದೆ.

"ಹೋದ ವರ್ಷ, ಚಿಕಾಗೋ ಕಡೆಯಿಂದ ಬರ್ತಾ ದಾರೀಲಿ ನಿಲ್ಲಿಸಿದ್ವಲ್ಲ. ನೀನು ಕಾಫಿ ತರಕ್ಕೆ ಹೋಗಿದ್ದೆ. ಆಗ ಹೇಳ್ದ. 'ಅಮ್ಮಾ, ನನಗೇನಾದ್ರೂ ಆದ್ರೆ ಸುಡಬೇಡಿ. ಮಗು ಪಕ್ಕದಲ್ಲೇ ಇಡಿ. ಅದೊಂದೇ ಇದೆ ಅಲ್ಲಿ' ಅಂದ. ಇನ್ನೂ ಏನೋ ಹೇಳಕ್ಕೆ ಬಂದ. ನಾನು ಹೇಳಕ್ಕೆ ಬಿಡಲಿಲ್ಲ. ಬಿಡ್ತು ಅನ್ನು ಅಂತ ಗದರಿಸ್ದೆ. ಬಿಡ್ತು ಅಂದ. ಅಲ್ಲಿಗೆ ನಿಲ್ಲಿಸ್ಬಿಟ್ಟ."

ಪರದೆಯ ಆ ತುದಿಯಲ್ಲಿ ತಮ್ಮನ ಹೆಂಡತಿ ಥಟ್ಟನೆ ತಲೆಯೆತ್ತಿದಳು. ಅವಳಿಗೆ ಕನ್ನಡ ಬರುವುದಿಲ್ಲ. ಬಿಡ್ತು ಎಂಬ ಆ ಒಂದು ಮಾತು ಮಾತ್ರ ಗೊತ್ತಿತ್ತೆಂದು ಕಾಣುತ್ತದೆ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆ ಕೋಣೆಯಲ್ಲೂ ಈ ಕೋಣೆಯಲ್ಲೂ ಕನ್ನಡ ಬಲ್ಲವರೆಂದರೆ ಅಮ್ಮ, ನಾನು, ಬಾಗಿಲಲ್ಲಿ ನಿಂತ ನನ್ನ ಗಂಡ. ಇಲ್ಲ, ಅವನು ಏನೂ ಹೇಳಿರಲಿಲ್ಲವಂತೆ ಎಂದು ನಾನು ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿದ್ದರೆ ಸಾಕಿತ್ತು. ತಮ್ಮನನ್ನು ಸುಡುತ್ತಿದ್ದರು, ಬೂದಿ ಬರುತ್ತಿತ್ತು, ಅಮ್ಮ ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ನಿಂತು ಮಗನನ್ನು ಅಪ್ಪನ ಹತ್ತಿರ ಕಳಿಸಿಕೊಡುತ್ತಿದ್ದಳು. ಆ ಸಾಲು ನನ್ನ ನಾಲಗೆಯ ಮೇಲೆ ಬಂದಿತ್ತು. ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಮ್ಮನ ಮೇಲೆ ಎಂಥ ಕೋಪ ಬಂತೆಂದರೆ, ಇದನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದವಳು ಈಗ ಇಲ್ಲಿ ಯಾಕೆ ಬಿಚ್ಚಬೇಕಿತ್ತು!

ಅಮ್ಮ ನನ್ನ ಮಣಿಕಟ್ಟು ಹಿಡಿದಳು. "ಎಲ್ಲಾ ಹೇಳು. ಬಿಟ್ಟು ಹೇಳ್ಬೇಡ. ಪೂರ್ತಿ ಹೇಳ್ಬೇಕು ಅಂತ ಆ ಲಾಯರ್ ಹುಡುಗಿ ಹೇಳಿಲ್ವಾ?"

ಹೇಳಿದೆ. ಅಳುತ್ತಲೇ ಹೇಳಿದೆ. ಅದೊಂದೇ ಇದೆ ಅಲ್ಲಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದೆನೋ ಗೊತ್ತಿಲ್ಲ, ದುಭಾಷಿ ಅದನ್ನು ಡಚ್ಚಿಗೆ ತಂದ.

ನ್ಯಾಯಾಧೀಶರು ಆತುರಪಡಲಿಲ್ಲ. ಮಗ ಕೊನೆಯಲ್ಲಿ ಹೇಳಿದ ಆ ಮಾತು ಏನೆಂದು ಕೇಳಿದರು. ನಾನು ವಿವರಿಸಿದೆ. ಹಾಗಾದರೆ ಅವನು ತನ್ನ ಮಾತನ್ನು ವಾಪಸು ತೆಗೆದುಕೊಂಡನೆಂದು ತಿಳಿಯಬೇಕೇ ಎಂದರು. ನಮ್ಮ ವಕೀಲೆ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಒಂದು ಬಾಗಿಲು ತೆರೆದಿತ್ತು, ಸುಳ್ಳೇ ಹೇಳಬೇಕಾಗಿರಲಿಲ್ಲ. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ಪ್ರಶ್ನೆಯನ್ನು ಅಮ್ಮನಿಗೆ ಹೇಳಿದೆ, ಅವಳು ಆ ಬಾಗಿಲಲ್ಲಿ ಹೋಗಲಿ ಎಂದು ಪ್ರಾರ್ಥಿಸುತ್ತಲೇ ಹೇಳಿದೆ.

"ಇಲ್ಲ" ಎಂದಳು ಅಮ್ಮ. "ಅಮ್ಮ ಗದರಿಸಿದ್ಲು ಅಂತ ಅಂದ. ಅಷ್ಟೆ. ಅವನ ಮನಸ್ಸಲ್ಲಿ ಇದ್ದಿದ್ದು ಇತ್ತು."

ಆಮೇಲೆ ಆ ದೇಶದ ಕೋರ್ಟಿನ ಒಂದು ಪದ್ಧತಿ ನೋಡಿದೆ. ನ್ಯಾಯಾಧೀಶರು ವಿಚಾರಣೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಹೊರಗೆ ಹಜಾರದಲ್ಲಿ ನಿಂತು ಮಾತಾಡಿ ಬನ್ನಿ, ನಿಮ್ಮಲ್ಲೇ ಬಗೆಹರಿಯುತ್ತದೋ ನೋಡಿ, ಇಲ್ಲದಿದ್ದರೆ ನಾನಿದ್ದೇನೆ ಎಂದರು. ನಮ್ಮ ವಕೀಲೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ನಡೆದಳು. ನಮ್ಮ ಪರದೆಯ ಮೇಲೆ ಚಾವಣಿ, ದೀಪಗಳು, ಒಂದು ಕಾಫಿ ಯಂತ್ರ ಹಾದುಹೋದವು. ಕೊನೆಗೆ ತಮ್ಮನ ಹೆಂಡತಿಯ ಮುಖ ಬಂತು, ತುಂಬ ಹತ್ತಿರದಲ್ಲಿ. ಸಮನ್ಸ್ ಹೋದಂದಿನಿಂದ ನಮ್ಮ ನಡುವೆ ನೇರ ಮಾತೇ ಇರಲಿಲ್ಲ.

"ಅಮ್ಮ" ಎಂದಳು ಅವಳು. ಅವನು ಕರೆಯುತ್ತಿದ್ದ ಹಾಗೇ. ಆಮೇಲೆ ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು. ತಾನು ಹಿಮದಲ್ಲಿ ಸೈಕಲ್ ಜಾರೀತು ಎಂದರೂ ಅವನು ಬಿಡ್ತು ಅನ್ನು ಎನ್ನುತ್ತಿದ್ದನಂತೆ. ಇವಳು ಅನ್ನುವವರೆಗೂ ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದನಂತೆ. ಕೂಸಿನ ಹತ್ತಿರ ಇಡು ಎಂದ ದಿನ ಮಾತ್ರ ಅವನು ಬಿಡ್ತು ಅನ್ನಲಿಲ್ಲ. ಅದಕ್ಕೇ ಅದು ತನಗೆ ನೆನಪಿದೆ ಎಂದಳು.

ನಾನು ಅಮ್ಮನಿಗೆ ಹೇಳಿದೆ. ಅಮ್ಮ ಪರದೆಯನ್ನು ಮುಟ್ಟಿದಳು. ಮುಟ್ಟಿದ್ದರಿಂದ ಧ್ವನಿ ನಿಂತುಹೋಯಿತು, ನನ್ನ ಗಂಡ ಓಡಿಬಂದು ಸರಿಮಾಡಿದ.

"ಮಣ್ಣು ಮುಚ್ಚೋ ಮುಂಚೆ ಅವನ ಬಾಯಿಗೆ ತುಳಸಿ ನೀರು ಬಿಡ್ತಾಳಾ ಕೇಳು" ಎಂದಳು ಅಮ್ಮ. "ಅಲ್ಲಿಂದ ಒಂದು ಹಿಡಿ ಮಣ್ಣು ಕೊಡ್ತಾಳಾ ಕೇಳು."

ಡಚ್ಚರ ಹಳೆಯ ವಸಾಹತು ಸುರಿನಾಮಿನಿಂದ ಬಂದು ಅಲ್ಲೇ ನೆಲೆಸಿದ ಹಿಂದೂಗಳು ಆ ಊರಿನಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬ ಪುರೋಹಿತರನ್ನು ಅವಳು ಮೊದಲೇ ಕೇಳಿಕೊಂಡಿದ್ದಳು. ತುಳಸಿಯೂ ಗಂಗಾಜಲವೂ ಅವರ ಅಂಗಡಿಯಲ್ಲೇ ಸಿಗುತ್ತದಂತೆ. ಎರಡಕ್ಕೂ ಹೂಂ ಎಂದಳು. ಸ್ವೆಟರಿನ ತೋಳಿನಲ್ಲಿ ಮುಖ ಒರೆಸಿಕೊಂಡಳು. ನನಗೆ ಅವಳ ಮೇಲಿದ್ದ ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಇಡಲು ಜಾಗ ಸಿಗಲಿಲ್ಲ.

ಮತ್ತೆ ಒಳಗೆ ಹೋದಾಗ ವಕೀಲೆ, ದಾವೆ ವಾಪಸು ತೆಗೆದುಕೊಳ್ಳುತ್ತೇವೆ ಎಂದಳು. ನ್ಯಾಯಾಧೀಶರು ತುಳಸಿ ನೀರನ್ನೂ ಒಂದು ಹಿಡಿ ಮಣ್ಣನ್ನೂ ಗಂಭೀರವಾಗಿ ಬರೆಸಿ, ಓದಿ ಹೇಳಿಸಿ, ಸರಿಯೇ ಎಂದು ಎರಡೂ ಕಡೆ ಕೇಳಿದರು. ಆಮೇಲೆ ಅಮ್ಮನಿಗೆ, ಇದನ್ನು ಹೇಳುವುದು ನಿಮಗೆ ಸುಲಭವಾಗಿರಲಿಲ್ಲ ಎಂದರು. ಪರದೆ ಕಪ್ಪಾಯಿತು. ಅಪ್ಪನ ಕೋರ್ಟಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನಮ್ಮ ಕೇಸಿನ ನಂಬರನ್ನೂ ಕೂಗುತ್ತಿರಲಿಲ್ಲ. ಬೀದಿಯಲ್ಲಿ ಸ್ಕೂಲ್ ಬಸ್ಸು ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿತ್ತು. ನಾನು ಮೇಜಿನ ಮೇಲೆ ತಲೆಯಿಟ್ಟು, ಅಮ್ಮನಿಗೆ ಕೇಳಿಸಲಿ ಎಂದೇ ಅತ್ತೆ.

"ಗೆದ್ದಿದ್ವಲ್ಲಮ್ಮಾ. ಯಾಕೆ ಹೇಳ್ದೆ?"

"ಒಂದ್ಸಲ ಅವನ ಬಾಯಿ ಮುಚ್ಚಿಸ್ದೆ" ಎಂದಳು. "ಸತ್ತ ಮೇಲೂ ಮುಚ್ಚಿಸ್ಲಾ?"

ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆವು. ಎಳೆಯ ಮರಗಳು, ಒದ್ದೆ ಎಲೆ, ನಮಗೆ ಗೊತ್ತಿಲ್ಲದ ಹತ್ತಾರು ಜನ. ಪುರೋಹಿತರ ಮಂತ್ರದ ಉಚ್ಚಾರ ಅಮ್ಮನಿಗೆ ಸರಿಬರಲಿಲ್ಲ, ಆದರೂ ಜೊತೆಗೆ ತುಟಿ ಆಡಿಸಿದಳು. ಪಕ್ಕದಲ್ಲಿ ಅಂಗೈ ಅಗಲದ ಒಂದು ಕಲ್ಲು ಕಾಣಿಸಿತು, ಅದು ಕೂಸಿನದು. ಮುಗಿದ ಮೇಲೆ ಅಮ್ಮ ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡಳು. ನಾನೂ ಹಾಕಿಕೊಂಡೆ. ಹೊರಗೆ ಕೊರೆಯುವ ಚಳಿ. ಒದ್ದೆ ತಲೆಯಲ್ಲಿ ಇಬ್ಬರೂ ಹೀಟರಿನ ಮುಂದೆ ಕೂತೆವು. ಅಷ್ಟು ದಿನ ನಮ್ಮನ್ನು ಓಡಿಸುತ್ತಿದ್ದದ್ದು ನಿಂತುಹೋಗಿತ್ತು, ಮಾಡಲು ಇನ್ನೇನೂ ಉಳಿದಿರಲಿಲ್ಲ, ಅವನು ಇರಲಿಲ್ಲ.

ಅಮ್ಮ ಊರಿಗೆ ಹೊರಡುವ ಮುಂಚಿನ ವಾರ. ನಾನು ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುತ್ತಿದ್ದೆ. ಅವಳು ಹಿಂದೆ ಮೇಜಿನ ಹತ್ತಿರ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ಸಾಸಿವೆ ಸಿಡಿಯುವ ಸದ್ದಿನ ನಡುವೆ, ಉಪ್ಪು ಸಾಕಾ ಎಂದು ಕೇಳುವ ಧ್ವನಿಯಲ್ಲೇ ಹೇಳಿದಳು.

"ನಾನು ಸತ್ರೆ, ನೀನು ಬರೋಕ್ಕಾಗದೇ ಇದ್ರೆ..."

"ಬಿಡ್ತು ಅನ್ನಮ್ಮಾ!" ಎಂದೆ. ನಾನೇ ಎಂದೆ. ತಿರುಗಿ ಕೂಡ ನೋಡದೆ, ಸೌಟು ಕೈಯಲ್ಲಿರುವ ಹಾಗೇ, ಅವಳ ಧ್ವನಿಯಲ್ಲೇ ಗದರಿದೆ.

ಹೆರೆಯುವ ಸದ್ದು ನಿಂತಿತು.

"ಅನ್ನಲ್ಲ" ಎಂದಳು ಅಮ್ಮ. "ಒಲೆ ಆರಿಸಿ ಬಾ ಇಲ್ಲಿ. ಕೂತ್ಕೊಂಡು ಕೇಳು."

ಒಲೆ ಆರಿಸಿದೆ. ಅವಳ ಎದುರಿಗೆ ಹೋಗಿ ಕೂತೆ.